ನಮ್ಮವರು ಮುಂದೆ ಇದ್ದಾರೆ

"ಸ್ವಲ್ಪ ಜಾಗ ಬಿಡಿ ಸಾರ್, ನಮ್ಮವರು ಮುಂದೆ ಇದ್ದಾರೆ." ಈ ಒಂದು ವಾಕ್ಯವನ್ನು ಕೇಳದೆ ಮನರಂಜನಾ ಉದ್ಯಾನದಿಂದ ಮನೆಗೆ ಹಿಂತಿರುಗಿದ ಪುಣ್ಯವಂತರು ನಮ್ಮ ವಾಚಕರಲ್ಲಿ ಎಷ್ಟು ಮಂದಿ ಇರುವರೋ ನಾನರಿಯೆ. ಬಿಸಿಲಿನಲ್ಲಿ ಒಂದು ಗಂಟೆ ಕಾದು, ಕಬ್ಬಿಣದ ಕಂಬಿಗಳ ನಡುವೆ ಹಾವಿನಂತೆ ಸುತ್ತಿ ಸುತ್ತಿ, ಇನ್ನೇನು ರೋಲರ್ ಕೋಸ್ಟರಿನ ಬಾಗಿಲು ಕಂಡಿತು ಎನ್ನುವಾಗ ಹಿಂದಿನಿಂದ ಒಂದು ಮೊಣಕೈ ಬರುತ್ತದೆ. ಮೊಣಕೈಯ ಹಿಂದೆ ಒಬ್ಬ ಮಹನೀಯ. ಮಹನೀಯನ ಹಿಂದೆ ಅವನ ಭಾವಮೈದುನ. ಅವನ ಹಿಂದೆ ಎರಡು ಸಂಸಾರದ ಮಕ್ಕಳು. ಕಡೆಯಲ್ಲಿ ಪಾಪ್‌ಕಾರ್ನ್ ಪೊಟ್ಟಣ ಹಿಡಿದ ಅತ್ತೆ. ಮುಂದೆ ಇದ್ದಾರೆಂಬ ಆ 'ನಮ್ಮವರು' ಯಾರೆಂದು ಕತ್ತೆತ್ತಿ ನೋಡಿದರೆ ಹದಿನಾಲ್ಕು ವರ್ಷದ ಒಬ್ಬ ಹುಡುಗ! ಒಬ್ಬ ಹುಡುಗ ಒಂಬತ್ತು ಜನರಿಗೆ ಸ್ಥಳ ಹಿಡಿದಿದ್ದಾನೆ.

ಇಂಥ ಸಮಯದಲ್ಲಿ ಏನು ಮಾಡಬೇಕೆಂದು ಕೇಳಿದರೆ ನಮ್ಮ ಸಜ್ಜನರ ಉಪದೇಶ ಒಂದೇ: "ಹೋಗಲಿ ಬಿಡಿ. ಎರಡು ನಿಮಿಷದ ಮಾತು. ಸಂತೋಷಪಡಲು ಬಂದ ಕಡೆ ಜಗಳವೇಕೆ?" ಕೇಳುವುದಕ್ಕೆ ಇದು ಬಹಳ ದೊಡ್ಡ ಮನಸ್ಸಿನ ಮಾತು. ಇದು ದೊಡ್ಡ ಮನಸ್ಸಲ್ಲ, ಸಣ್ಣ ಧೈರ್ಯ ಎಂಬುದು ನನ್ನ ವಾದ. ನುಗ್ಗಿದವನನ್ನು ತಿದ್ದಲು ಈ ಲೇಖನ ಬರೆಯುತ್ತಿಲ್ಲ. ಅವನು ಇದನ್ನು ಓದಿದರೂ ಬೇರೆ ಯಾರನ್ನೋ ಕುರಿತದ್ದೆಂದು ನಕ್ಕು ಪುಟ ತಿರುವುತ್ತಾನೆ. ನನ್ನ ದೂರು ಸುಮ್ಮನೆ ನಿಂತವರ ಮೇಲೆ.

ಮೊದಲು 'ಎರಡು ನಿಮಿಷ'ದ ಲೆಕ್ಕವನ್ನೇ ನೋಡೋಣ. ಒಂದು ಸವಾರಿ ಮೂರು ನಿಮಿಷಕ್ಕೊಮ್ಮೆ ಇಪ್ಪತ್ತು ಜನರನ್ನು ಹತ್ತಿಸಿಕೊಳ್ಳುತ್ತದೆ ಎನ್ನಿ. ಗಂಟೆಗೆ 400 ಜನ. ಒಂಬತ್ತು ಮಂದಿ ನಡುವೆ ನುಗ್ಗಿದರೆ ಅವರ ಹಿಂದಿರುವ ಪ್ರತಿಯೊಬ್ಬನ ಕಾಯುವಿಕೆಯೂ ಸುಮಾರು 80 ಸೆಕೆಂಡಿನಷ್ಟು ಬೆಳೆಯುತ್ತದೆ. ಹಿಂದೆ 200 ಜನ ಇದ್ದರೆ, ಒಟ್ಟು ಕದ್ದ ಕಾಲ ನಾಲ್ಕೂವರೆ ಗಂಟೆ! ಒಬ್ಬನ ಜೇಬಿನಿಂದ ನಾಲ್ಕೂವರೆ ಗಂಟೆಯನ್ನು ಕದ್ದಿದ್ದರೆ ಅವನು ಬೊಬ್ಬೆ ಹಾಕುತ್ತಿದ್ದ. ಇನ್ನೂರು ಜೇಬುಗಳಿಂದ ಚಿಲ್ಲರೆ ಚಿಲ್ಲರೆಯಾಗಿ ಎತ್ತಿದ್ದರಿಂದ ಯಾರೂ ಬಾಯಿ ತೆರೆಯಲಿಲ್ಲ. ನುಗ್ಗುವವನ ಬಂಡವಾಳವೆಲ್ಲ ಇಷ್ಟೆ: ನಷ್ಟ ಎಲ್ಲರದು, ಆದುದರಿಂದ ಯಾರದೂ ಅಲ್ಲ.

ಈ ಮೌನವನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಮತ್ತು ಅವನ ಸಂಗಡಿಗರು ನ್ಯೂಯಾರ್ಕ್ ನಗರದಲ್ಲಿ 129 ಸಾಲುಗಳೊಳಕ್ಕೆ ಬೇಕೆಂದೇ ಜನರನ್ನು ನುಗ್ಗಿಸಿ, ಕಾಯುತ್ತಿದ್ದವರು ಏನು ಮಾಡುತ್ತಾರೆಂದು ಬರೆದಿಟ್ಟರು. ಆ ವರದಿ 1986ರಲ್ಲಿ ಪ್ರಕಟವಾಯಿತು. ಒಬ್ಬನೇ ನುಗ್ಗಿದಾಗ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಾಲುಗಳಲ್ಲಿ ಮಾತ್ರ ಆಕ್ಷೇಪಣೆ ಎದ್ದಿತು. ಇಬ್ಬರು ನುಗ್ಗಿದಾಗ ಹತ್ತರಲ್ಲಿ ಒಂಬತ್ತು ಸಾಲುಗಳಲ್ಲಿ ಎದ್ದಿತು. ಆದರೆ ಗಮನಿಸಬೇಕಾದ ಸಂಗತಿ ಬೇರೊಂದಿದೆ. ನುಗ್ಗಿದವನ ಬೆನ್ನ ಹಿಂದೆಯೇ, ಪ್ರಯೋಗದವರೇ ನಿಲ್ಲಿಸಿದ್ದ ಒಬ್ಬಿಬ್ಬರು ಮೂಕರಂತೆ ನಿಂತುಬಿಟ್ಟರೆ, ಅವರ ಹಿಂದಿನವರೂ ಬಹುಮಟ್ಟಿಗೆ ಮೂಕರಾದರು. 'ಅವರಿಗೇ ಇಲ್ಲದ ಉರಿ ನನಗೇಕೆ?' ಎಂದುಕೊಂಡರು. ಅಂದರೆ, ನುಗ್ಗಿದವನ ಹಿಂದೆಯೇ ನಿಂತು ನೀವು ಸುಮ್ಮನಾದಾಗ ತ್ಯಾಗ ಮಾಡುವುದು ನಿಮ್ಮ 80 ಸೆಕೆಂಡನ್ನಲ್ಲ. ನಿಮ್ಮ ಹಿಂದಿರುವ ಇನ್ನೂರು ಜನರ ಬಾಯನ್ನೇ ಹೊಲಿಯುತ್ತೀರಿ. ಪರರ ಸೊತ್ತನ್ನು ದಾನ ಮಾಡಿ ಔದಾರ್ಯವಂತರೆನಿಸಿಕೊಳ್ಳುವ ಹಕ್ಕನ್ನು ನಿಮಗೆ ಯಾರು ಕೊಟ್ಟರು?

"ನಮ್ಮ ಜನರೇ ಹೀಗೆ, ಅಮೆರಿಕದಲ್ಲಿ ನೋಡಿ, ಎಷ್ಟು ಶಿಸ್ತು!" ಎಂದು ನಿಟ್ಟುಸಿರು ಬಿಡುವವರಿಗೆ ಒಂದು ಸಮಾಚಾರ. ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡ್ ಬಾಗಿಲು ತೆರೆದದ್ದು 1955ರ ಜುಲೈ 17ರಂದು. ಆಹ್ವಾನ ಪತ್ರಿಕೆ ಇದ್ದವರಿಗೆ ಮಾತ್ರ ಪ್ರವೇಶವಿದ್ದ ಆ ದಿನವೇ ಖೋಟಾ ಪತ್ರಿಕೆಗಳನ್ನು ಹಿಡಿದು ಸಾವಿರಾರು ಜನ ಒಳಗೆ ಬಂದರು. ಬೇಲಿಗೆ ಏಣಿ ಚಾಚಿ, ತಲೆಗೆ ಇಷ್ಟೆಂದು ವಸೂಲು ಮಾಡಿ ಜನರನ್ನು ದಾಟಿಸಿದವನ ಕಥೆಯನ್ನು ಇಂದಿಗೂ ಹೇಳುತ್ತಾರೆ. ಮನುಷ್ಯನ ಅವಸರಕ್ಕೆ ದೇಶಭಾಷೆಗಳ ಭೇದವಿಲ್ಲ. ಭೇದವಿರುವುದು ಎದುರು ನಿಂತು ಹೇಳುವವರ ಸಂಖ್ಯೆಯಲ್ಲಿ ಮಾತ್ರ.

ನ್ಯಾಯದ ಮಾತೆಂದರೆ, ಸಾಲಿನಲ್ಲಿ ರಿಯಾಯಿತಿಗಳೂ ಬೇಕು. ಮಗುವನ್ನು ಬಚ್ಚಲಿಗೆ ಕರೆದೊಯ್ದ ತಾಯಿ ಮರಳಿ ಬಂದರೆ ಅವಳನ್ನು ತಡೆಯುವವನು ಮನುಷ್ಯನೇ ಅಲ್ಲ. ಆದರೆ ಅವಳು ನಿಮ್ಮೊಡನೆ ನಿಂತಿದ್ದವಳು. ಹೋಗುವಾಗ "ಈಗ ಬರುತ್ತೇನಮ್ಮ" ಎಂದು ಹಿಂದಿನವರಿಗೆ ಹೇಳಿ ಹೋದವಳು. ಹಿಂದೆ ರೇಷನ್ ಅಂಗಡಿಯ ಮುಂದೆ ಸೀಮೆಎಣ್ಣೆಗೆ ಕಾಯುತ್ತಿದ್ದ ಕಾಲದಲ್ಲಿ ಜನ ತಮ್ಮ ಸರದಿಗೆ ಡಬ್ಬವನ್ನೋ ಕಲ್ಲನ್ನೋ ಇಟ್ಟು ನೆರಳಿಗೆ ಹೋಗುತ್ತಿದ್ದರು. ಅಲ್ಲಿಯೂ ಒಂದು ಕಲ್ಲಿಗೆ ಒಬ್ಬನೇ ಮನುಷ್ಯ. ಒಂದು ಕಲ್ಲಿಟ್ಟು ಒಂಬತ್ತು ಜನರನ್ನು ಕರೆತಂದವನಿಗೆ ಏನಾಗುತ್ತಿತ್ತೆಂಬುದನ್ನು ಹಿರಿಯರನ್ನು ಕೇಳಿ ತಿಳಿಯಿರಿ. ಅಗಲಿದ ಗುಂಪು ಒಂದಾಗಬೇಕಾದರೆ ಮುಂದಿರುವ ಒಬ್ಬನು ಹಿಂದಿರುವ ಒಂಬತ್ತು ಮಂದಿಯ ಬಳಿಗೆ ಬರಲಿ. ಇದಕ್ಕಿಂತ ಸುಲಭವಾದ ನಿಯಮವುಂಟೆ?

ಇನ್ನು ನುಗ್ಗುವವನಿಗಿಂತ ದೊಡ್ಡವನೊಬ್ಬನ ವಿಚಾರ. ಅವನು ಮೊಣಕೈಯನ್ನು ಬಳಸುವುದಿಲ್ಲ, ಬೆಲೆಪಟ್ಟಿ ಹಾಕುತ್ತಾನೆ. ಡಿಸ್ನಿಯವರು 1999ರಲ್ಲಿ 'ಫಾಸ್ಟ್‌ಪಾಸ್' ಎಂಬ ಏರ್ಪಾಡನ್ನು ತಂದರು. ಯಂತ್ರದಿಂದ ಚೀಟಿ ಪಡೆದು, ಅದರಲ್ಲಿ ಬರೆದ ಹೊತ್ತಿಗೆ ಬಂದರೆ ಬೇಗ ಹತ್ತಬಹುದು. ಅದಕ್ಕೆ ದುಡ್ಡಿರಲಿಲ್ಲ, ಟಿಕೆಟ್ ಕೊಂಡ ಎಲ್ಲರಿಗೂ ಅದು ಸಮಾನವಾಗಿತ್ತು. 2021ರಲ್ಲಿ ಆ ಜಾಗಕ್ಕೆ ಹಣ ತೆತ್ತು ಪಡೆಯುವ 'ಲೈಟ್ನಿಂಗ್ ಲೇನ್' ಬಂದಿತು. ಫ್ಲಾರಿಡದಲ್ಲಿ ಮೊದಲಿಗೆ ಗೊತ್ತುಮಾಡಿದ ದರ ದಿನಕ್ಕೆ ತಲೆಗೆ 15 ಡಾಲರ್. ನಮ್ಮ ಬಿಡದಿಯ ಹತ್ತಿರ 2005ರಲ್ಲಿ ಆರಂಭವಾದ ವಂಡರ್‌ಲಾದಲ್ಲಿಯೂ ಹೆಚ್ಚಿನ ಬೆಲೆಯ 'ಫಾಸ್ಟ್‌ಟ್ರ್ಯಾಕ್' ಟಿಕೆಟ್ ಉಂಟು. ತಿರುಪತಿಯ 300 ರೂಪಾಯಿಯ ದರ್ಶನವನ್ನು ಬಲ್ಲ ನಮಗೆ ಇದು ಹೊಸತೆನಿಸುವುದಿಲ್ಲ ಎಂಬುದೇ ದುಃಖದ ಮಾತು.

"ದುಡ್ಡು ಕೊಟ್ಟವನಿಗೆ ಅನುಕೂಲ, ಇದರಲ್ಲಿ ಅನ್ಯಾಯವೇನು? ರೈಲಿನಲ್ಲಿ ಮೊದಲ ದರ್ಜೆ ಇಲ್ಲವೆ?" ಎಂದು ವಾದಿಸುವವರಿದ್ದಾರೆ. ಇದೆ. ಆದರೆ ಮೊದಲ ದರ್ಜೆಯವನು ಎರಡನೆಯ ದರ್ಜೆಯವನಿಗಿಂತ ಮುಂಚೆ ಮೈಸೂರನ್ನು ಮುಟ್ಟುವುದಿಲ್ಲ. ಅವನು ಕೊಳ್ಳುವುದು ಮೆತ್ತನೆಯ ಆಸನ. ಅದನ್ನು ರೈಲ್ವೆಯವರು ಬೇರೆಯಾಗಿ ಮಾಡಿಸಿದ್ದಾರೆ. ಇಲ್ಲಿಯೋ, ಆಸನ ಅದೇ, ಗಾಡಿ ಅದೇ, ಗಂಟೆಗೆ ಹತ್ತುವವರ ಸಂಖ್ಯೆಯೂ ಅದೇ. ಒಬ್ಬನಿಗೆ ಮಾರಿದ ಅರ್ಧ ಗಂಟೆಯನ್ನು ಉದ್ಯಾನದವರು ಯಾವ ಕಾರ್ಖಾನೆಯಲ್ಲಿಯೂ ತಯಾರಿಸಿಲ್ಲ. ಪಕ್ಕದ ಸಾಲಿನಲ್ಲಿ ನಿಂತವರಿಂದ ಎತ್ತಿ ಕೊಟ್ಟಿದ್ದಾರೆ. ಬಾಗಿಲಲ್ಲಿ ಟಿಕೆಟ್ ಮಾರುವಾಗ ಒಮ್ಮೆ ಮಾರಿದ ಕಾಲವನ್ನೇ ಎರಡನೆಯ ಸಲ ಇನ್ನೊಬ್ಬನಿಗೆ ಮಾರಿದಂತಾಯಿತು. ಸಾಲು ಉದ್ದವಾದಷ್ಟೂ ಈ ಟಿಕೆಟ್‌ಗೆ ಗಿರಾಕಿ ಹೆಚ್ಚು. ಹೀಗಿರಲಾಗಿ ಸಾಲನ್ನು ಮೊಟಕು ಮಾಡುವ ಆಸಕ್ತಿ ಮಾರುವವನಿಗೆ ಎಲ್ಲಿಂದ ಬರಬೇಕು?

ಇಲ್ಲಿ ವಿವೇಕ ಬೇಕು. ಆ ಟಿಕೆಟ್ ಕೊಂಡು ಪಕ್ಕದ ದಾರಿಯಲ್ಲಿ ಹೋಗುವ ಸಂಸಾರವನ್ನು ನೋಡಿ ಹಲ್ಲು ಕಡಿಯುವುದು ತಪ್ಪು. ಅವರು ನಿಯಮದೊಳಗೇ ಇದ್ದಾರೆ. ಜಗಳ ಮಾರಿದವನೊಡನೆ. ಪ್ರತಿಯೊಂದು ಗಾಡಿಯಲ್ಲಿ ಎಷ್ಟು ಆಸನ ಬೇಗದ ಟಿಕೆಟ್ಟಿನವರಿಗೆ, ಎಷ್ಟು ಸಾಮಾನ್ಯ ಸಾಲಿಗೆ, ಈ ದಿನ ಎಷ್ಟು ಬೇಗದ ಟಿಕೆಟ್ಟುಗಳು ಖರ್ಚಾಗಿವೆ, ಇಷ್ಟನ್ನು ಹಣ ತೆಗೆದುಕೊಳ್ಳುವ ಕಿಟಕಿಯ ಮೇಲೆಯೇ ಬರೆದು ಹಾಕಲಿ. ತೂಕ ಮಾಡಿ ಮಾರುವ ಅಂಗಡಿಯವನು ತಕ್ಕಡಿಯನ್ನು ಗಿರಾಕಿಗೆ ಕಾಣುವಂತೆ ಇಡಬೇಕಲ್ಲವೆ?

ಬೇಗದ ದಾರಿ ನಿಜವಾಗಿ ಬೇಕಾದವರು ಬೇರೆಯೇ ಇದ್ದಾರೆ. ಸಾಲಿನಲ್ಲಿ ನಿಲ್ಲಲಾರದ ಅಂಗವಿಕಲರಿಗೆ ಡಿಸ್ನಿಯವರು ಕೊಡುತ್ತಿದ್ದ ಸೌಲಭ್ಯವನ್ನು ಕೆಲವು ಹಣವಂತರು ಹೇಗೆ ಬಳಸಿದರೆಂಬುದು 2013ರಲ್ಲಿ ಪತ್ರಿಕೆಗಳಿಗೆ ಬಂದಿತು: ಅಂಗವಿಕಲರೊಬ್ಬರನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಗೊತ್ತುಮಾಡಿ, ತಮ್ಮ ಸಂಸಾರದವರೆಂದು ಹೇಳಿ ಮುಂದಕ್ಕೆ ಹೋಗುತ್ತಿದ್ದರಂತೆ! ಅದೇ ವರ್ಷ ಆ ಪದ್ಧತಿಯನ್ನು ಬದಲಾಯಿಸಿ, ಸಾಲಿನಷ್ಟೇ ಹೊತ್ತು ಹೊರಗೆ ಕುಳಿತಿದ್ದು ಬರುವ ಏರ್ಪಾಡು ಮಾಡಿದರು. 2024ರಲ್ಲಿ ಅರ್ಹತೆಯನ್ನು ಇನ್ನಷ್ಟು ಬಿಗಿಮಾಡಿದರು. ಕದ್ದವರು ಗಟ್ಟಿಮುಟ್ಟಾದವರು, ಪ್ರಶ್ನೆಗಳಿಗೆ ಉತ್ತರ ಕೊಡುತ್ತ ನಿಲ್ಲಬೇಕಾದವರು ನಿಲ್ಲಲಾರದವರು. ಸರದಿಯ ಮೋಸ ಕಡೆಗೆ ಯಾರ ತಲೆಯ ಮೇಲೆ ಬೀಳುತ್ತದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಹಾಗಾದರೆ ನುಗ್ಗಿದವನನ್ನು ಹಿಡಿದು ಬಾರಿಸಬೇಕೆ? ಬೇಡ. ಕೂಗಾಡುವವನೂ, ಜೇಬಿನಿಂದ ಫೋನ್ ತೆಗೆದು ಇನ್ನೊಬ್ಬರ ಹೆಂಡತಿ ಮಕ್ಕಳ ಮುಖವನ್ನು ಊರಿಗೆಲ್ಲ ಹಂಚುವವನೂ ಸಾಲಿಗೆ ಇನ್ನೊಂದು ಪೀಡೆಯೇ. ಮಾಡಬೇಕಾದುದು ಸ್ವಲ್ಪ, ಆದರೆ ಕೂಡಲೇ ಮಾಡಬೇಕು. ನುಗ್ಗಿದವನು ನೆಲೆಯೂರುವ ಮುನ್ನ, ಅವನ ಹಿಂದೆಯೇ ಇರುವವರು ಮಾತನಾಡಬೇಕು. "ಸ್ವಾಮಿ, ಸಾಲಿನ ಕೊನೆ ಆ ಕಡೆ ಇದೆ" ಎಂದರೆ ಸಾಕು. ಅವನ ಕುಲಗೋತ್ರವನ್ನು ಎತ್ತಬೇಕಾಗಿಲ್ಲ. ಹೇಳಿದವರ ಹಿಂದಿನ ಇಬ್ಬರು "ಹೌದು ಸ್ವಾಮಿ, ನಾವೂ ಕಾಯುತ್ತಿದ್ದೇವೆ" ಎನ್ನಲಿ. ಮೂರು ಮಂದಿ ಮೆಲ್ಲಗೆ ಹೇಳಿದ ಮಾತಿಗಿರುವ ತೂಕ ಒಬ್ಬನ ಆರ್ಭಟಕ್ಕಿಲ್ಲ. ಅದಕ್ಕೂ ಜಗ್ಗದಿದ್ದರೆ ಸವಾರಿಯ ಬಳಿಯ ನೌಕರನನ್ನು ಕರೆಯಿರಿ. ಅವನು ಸಂಬಳ ಪಡೆಯುವುದು ಗಾಡಿಯ ಗುಂಡಿ ಒತ್ತುವುದಕ್ಕಷ್ಟೇ ಅಲ್ಲ. ಬೆನ್ನಿಗೆ ಹೊಟ್ಟೆ ತಾಗಿಸಿ ನಿಲ್ಲುವವನಿಗೂ, ಫೋನಿನ ಹಾಡನ್ನು ಇಡೀ ಸಾಲಿಗೆ ಬಡಿಸುವವನಿಗೂ ಇದೇ ಕ್ರಮ: ಬೇಗ, ಮೆಲ್ಲಗೆ, ಒಬ್ಬರಿಗೊಬ್ಬರು ಒತ್ತಾಸೆಯಾಗಿ.

"ಆಟದ ಸಾಲಿಗೆ ಇಷ್ಟೊಂದು ಭಾರತ ಕಥೆಯೆ?" ಎಂದು ನಗುವವರು ನಗಲಿ. ಯಾರು ಮೊದಲು ಎಂಬ ಪ್ರಶ್ನೆಗೆ ನಮ್ಮ ಸಮಾಜ ಶತಮಾನಗಳ ಕಾಲ ಕೊಟ್ಟ ಉತ್ತರ ಒಂದೇ: ಹುಟ್ಟಿನಲ್ಲಿ ಮೇಲಿನವನು ಮೊದಲು. ಕೆರೆಬಾವಿಯ ಬಳಿಯಲ್ಲಿ, ಗುಡಿಯಲ್ಲಿ, ಪಂಕ್ತಿಯಲ್ಲಿ ಅದೇ ಕ್ರಮ. ಆಮೇಲೆ ಹುದ್ದೆ ಬಂದಿತು, ಶಿಫಾರಸು ಬಂದಿತು, ಈಗ ಬೆಲೆಪಟ್ಟಿ ಬಂದಿದೆ. ಇವುಗಳ ನಡುವೆ 'ಮೊದಲು ಬಂದವನು ಮೊದಲು' ಎಂಬ ಸೂತ್ರವೊಂದೇ ಮನುಷ್ಯನ ಕುಲವನ್ನು ಕೇಳುವುದಿಲ್ಲ, ಮಾವನ ಹೆಸರನ್ನು ಕೇಳುವುದಿಲ್ಲ. ವರ್ಷವೆಲ್ಲ ಕೂಡಿಟ್ಟ ಹಣದಲ್ಲಿ ಮಕ್ಕಳಿಗೆ ಒಂದು ದಿನದ ಸುಖ ಕೊಡಿಸಲು ಬಂದ ಕಾರ್ಖಾನೆಯ ನೌಕರನಿಗೂ ದೊಡ್ಡ ಕಾರಿನಲ್ಲಿ ಬಂದ ಸಾಹುಕಾರನಿಗೂ ಅಲ್ಲಿ ಒಂದೇ ಅಳತೆ. ಸಾಲು ಕೆಟ್ಟರೆ ಸಾಹುಕಾರನಿಗೆ ಮುಂದಿನ ಭಾನುವಾರವಿದೆ; ನೌಕರನ ಮಕ್ಕಳಿಗೆ ಮುಂದಿನ ವರ್ಷ.

ನಾವು ಮಧ್ಯಮ ವರ್ಗದವರು ಭ್ರಷ್ಟಾಚಾರವನ್ನು ಕುರಿತು ಊಟದ ಮೇಜಿನ ಮುಂದೆ ಬಹಳ ಚೆನ್ನಾಗಿ ಮಾತನಾಡುತ್ತೇವೆ. ಕಚೇರಿಯ ಲಂಚವನ್ನು ತಡೆಯುವ ಶಕ್ತಿ ನಮಗಿಲ್ಲವೆಂದು ಹೇಳಿದರೆ ನಂಬಬಹುದು. ಕಂಬಿಗಳ ನಡುವೆ ಒಂದು ಮೊಳ ದೂರದಲ್ಲಿ ನಡೆಯುವ ಅನ್ಯಾಯಕ್ಕೆ ನಾಲ್ಕು ಶಬ್ದ ಆಡುವ ಶಕ್ತಿಯೂ ಇಲ್ಲವೆಂದರೆ ಹೇಗೆ ನಂಬುವುದು? ನಮ್ಮ ಕೈ ಹಿಡಿದು ನಿಂತ ಎಂಟು ವರ್ಷದ ಮಗು ಮೊದಲು ನುಗ್ಗಿದವನನ್ನು ನೋಡುತ್ತದೆ; ಅನಂತರ ನಮ್ಮ ಮುಖವನ್ನು ನೋಡುತ್ತದೆ. ನಾವು ಆಗ ಹೇಳುವುದನ್ನೋ ಹೇಳದಿರುವುದನ್ನೋ ಅದು ಕಲಿಯುತ್ತದೆ. ಇನ್ನು ಇಪ್ಪತ್ತು ವರ್ಷಕ್ಕೆ "ನಮ್ಮವರು ಮುಂದೆ ಇದ್ದಾರೆ" ಎಂದು ಮೊಣಕೈ ಚಾಚುವವನು ಯಾರ ಮಗನಾಗಿರಬೇಕೆಂಬುದು ಆ ಕ್ಷಣದಲ್ಲಿ ನಿಶ್ಚಯವಾಗುತ್ತದೆ.