ಬಗ್ಗು ಎಂದವರೂ ನಾವೇ, ನಿಮಿರು ಎಂದವರೂ ನಾವೇ

ಅಮ್ಯೂಸ್‌ಮೆಂಟ್ ಪಾರ್ಕಿನ ಟಿಕೆಟ್ ಕೌಂಟರಿನ ಪಕ್ಕ ಒಂದಷ್ಟು ಹೊತ್ತು ನಿಂತು ನೋಡಿ. ಅಲ್ಲಿ ಮಕ್ಕಳ ಟಿಕೆಟ್ಟಿಗೆ ವಯಸ್ಸಿಗಿಂತ ಎತ್ತರವೇ ಲೆಕ್ಕ. ಗೋಡೆಯ ಗೆರೆಗೆ ಮಗನನ್ನು ಒರಗಿಸಿ ನಿಲ್ಲಿಸಿದ ಅಪ್ಪ, ಸಿಬ್ಬಂದಿಯ ಕಣ್ಣು ಆಚೆ ಹೊರಳಿದ್ದೇ ತಡ, ಅವನ ಹೆಗಲನ್ನು ಮೆಲ್ಲಗೆ ಅದುಮುತ್ತಾನೆ: ‘ಮಂಡಿ ಸ್ವಲ್ಪ ಬಗ್ಸೋ.’ ಎರಡು ಗಂಟೆ ಕಳೆದು ರೋಲರ್ ಕೋಸ್ಟರಿನ ಬಾಗಿಲಿಗೆ ಬಂದರೆ ಅಲ್ಲೊಂದು ಗೆರೆ. ಅದೇ ಅಪ್ಪ, ಅದೇ ಮಗ. ಮಾತು ಮಾತ್ರ ಬೇರೆ: ‘ತುದಿಗಾಲಲ್ಲಿ ನಿಂತ್ಕೊ, ಕತ್ತು ಎತ್ತು.’ ಬೆಳಿಗ್ಗೆ ಕುಳ್ಳನಾಗಿದ್ದವನು ಮಧ್ಯಾಹ್ನಕ್ಕೆ ಬೆಳೆದು ನಿಂತಿರುತ್ತಾನೆ. ಸುತ್ತಲಿನವರು ನಗುತ್ತಾರೆ, ನಾವೂ ನಗುತ್ತೇವೆ. ಕೆಲವು ನೂರು ರೂಪಾಯಿಗಾಗಿ ಒಮ್ಮೆ, ಹಟ ಮಾಡುವ ಮಗುವಿನ ಬಾಯಿ ಮುಚ್ಚಿಸಲು ಇನ್ನೊಮ್ಮೆ, ಒಂದೇ ದಿನದಲ್ಲಿ ಎರಡು ಸಲ ಅಳತೆಗೆ ಮೋಸ ಮಾಡುವುದನ್ನು ಆ ಹುಡುಗ ಯಾರಿಂದ ಕಲಿತ?

ಆ ಎರಡನೆಯ ಗೆರೆಯನ್ನು ಯಾರೂ ಮಕ್ಕಳ ಸಂತೋಷ ಕೆಡಿಸಲು ಎಳೆದದ್ದಲ್ಲ. ತೊಡೆಯನ್ನೋ ಭುಜವನ್ನೋ ಒತ್ತಿ ಹಿಡಿಯುವ ಸೀಟಿನ ಪಟ್ಟಿ ಇಂತಿಷ್ಟು ಮೈಗಾತ್ರಕ್ಕೆಂದೇ ಲೆಕ್ಕ ಹಾಕಿ ಮಾಡಿದ್ದು. ಅದಕ್ಕಿಂತ ಚಿಕ್ಕ ಮೈ ಒಳಗೆ ಸಡಿಲವಾಗಿ ಕೂರುತ್ತದೆ. ಬಂಡಿ ಗಕ್ಕನೆ ತಿರುಗಿದಾಗ, ತಲೆಕೆಳಗಾದಾಗ ಜಾರುತ್ತದೆ. ಗಾತ್ರ ಮಿತಿ ಮೀರಿದರೂ ಅಪಾಯ ಅಷ್ಟೇ. 2022ರ ಮಾರ್ಚ್‌ನಲ್ಲಿ ಅಮೆರಿಕದ ಒರ್ಲಾಂಡೊದಲ್ಲಿ ಗೋಪುರದಿಂದ ಕೆಳಕ್ಕೆ ಧುಮುಕುವ ಸವಾರಿಯಿಂದ 14 ವರ್ಷದ ಹುಡುಗನೊಬ್ಬ ಕಳಚಿ ಬಿದ್ದು ಸತ್ತ. ಅವನ ತೂಕ ಆ ಸವಾರಿಯ ಮಿತಿಗಿಂತ ಹೆಚ್ಚಿತ್ತು. ಅವನು ಕೂತ ಸೀಟಿನ ಸೆನ್ಸರನ್ನು ಕೈಯಾರೆ ಬದಲಿಸಿದ್ದರಿಂದ, ಪಟ್ಟಿ ಸರಿಯಾಗಿ ಒತ್ತದಿದ್ದರೂ ಯಂತ್ರ ಹೊರಟಿತ್ತು. ಅಲ್ಲಿ ಅಳತೆ ಕೆಟ್ಟದ್ದು ಯಂತ್ರದಲ್ಲಿ. ಇಲ್ಲಿ ಅದನ್ನು ಕೆಡಿಸುತ್ತಿರುವುದು ಹೆತ್ತವರ ಕೈ. ತಡೆಯಲು ಬಂದ ಇಪ್ಪತ್ತು ವರ್ಷದ ಕೆಲಸದ ಹುಡುಗನಿಗೆ ‘ದುಡ್ಡು ಕೊಟ್ಟಿಲ್ವೇನ್ರಿ ನಾವು? ಮ್ಯಾನೇಜರ್‌ನ ಕರೀರಿ’ ಎಂದು ಗದರುವ ಬಾಯಿಯೂ ನಮ್ಮದೇ.

ಸರಿ, ಇಷ್ಟು ಜೋರಿನ ಬಾಯಿ ಕೇಳಬೇಕಾದ್ದನ್ನಾದರೂ ಕೇಳುತ್ತದೆಯೇ? 2024ರ ಮೇ 25, ಶನಿವಾರ. ಗುಜರಾತಿನ ರಾಜಕೋಟ್‌ನ ಗೇಮ್ ಝೋನ್ ಒಂದರಲ್ಲಿ ರಜೆಯ ಮಕ್ಕಳು ತುಂಬಿದ್ದರು. ಪ್ರವೇಶಕ್ಕೆ 99 ರೂಪಾಯಿಯ ರಿಯಾಯಿತಿ ದರ ಬೇರೆ ಇತ್ತು. ಅಗ್ನಿಶಾಮಕ ಇಲಾಖೆಯ ಎನ್‌ಒಸಿ ಇರಲಿಲ್ಲ. ಬೆಂಕಿಗೆ 27 ಜನ ಬಲಿಯಾದರು, ಅವರಲ್ಲಿ ಮಕ್ಕಳೂ ಇದ್ದರು. ಟಿವಿ ಮುಂದೆ ಕೂತು ಮರುಗಿದೆವು, ವಿಡಿಯೋ ಫಾರ್ವರ್ಡ್ ಮಾಡಿದೆವು. ಆಮೇಲೆ ನಮ್ಮೂರಿನ ಮಾಲ್‌ನ ಮೂರನೇ ಮಹಡಿಯ ಆಟದಂಗಡಿಗೆ ಮಕ್ಕಳನ್ನು ಬಿಟ್ಟು ಕಾಫಿ ಕುಡಿಯಲು ಹೋದೆವಲ್ಲ, ತುರ್ತು ಬಾಗಿಲು ಎಲ್ಲಿದೆ, ಅದರ ಮುಂದೆ ರಟ್ಟಿನ ಪೆಟ್ಟಿಗೆ ಒಟ್ಟಿದ್ದಾರೆಯೇ ಎಂದು ಕಣ್ಣು ಹಾಯಿಸಿದೆವೇ? ಕೂಪನ್ ಎಷ್ಟು ಪರ್ಸೆಂಟ್ ಎಂದು ಮಾತ್ರ ಕೇಳಿದೆವು.

ಹಿಂದಿನವರು ಮಕ್ಕಳೊಡನೆ ಹೊರಡುತ್ತಿದ್ದ ರೀತಿಯೇ ಬೇರೆ. ಮೈಸೂರಿನ ದಸರಾ ವಸ್ತುಪ್ರದರ್ಶನ ಶುರುವಾದದ್ದು 1880ರಲ್ಲಿ, ಹತ್ತನೇ ಚಾಮರಾಜ ಒಡೆಯರ ಕಾಲಕ್ಕೆ. ಅದನ್ನು ನೋಡಲು ಹಳ್ಳಿಗಳಿಂದ ಹೊರಡುತ್ತಿದ್ದ ಕುಟುಂಬಗಳ ಕೈಯಲ್ಲಿ ಕಾಸಿರಲಿಲ್ಲ, ಸಿದ್ಧತೆ ಇತ್ತು. ಹಿಂದಿನ ದಿನವೇ ಬುತ್ತಿಯ ಏರ್ಪಾಡು. ಯಾವ ಮಗುವಿನ ಕೈ ಯಾರು ಹಿಡಿಯಬೇಕೆಂಬ ತೀರ್ಮಾನ. ಜೇಬಿನಲ್ಲಿ ಅಪ್ಪನ ಹೆಸರು, ಊರು ಬರೆದ ಚೀಟಿ. ‘ತಪ್ಪಿಸ್ಕೊಂಡ್ರೆ ದೊಡ್ಡ ಗಡಿಯಾರದ ಕೆಳಗೆ ನಿಂತಿರು, ಎಲ್ಲಿಗೂ ಹೋಗ್ಬೇಡ’ ಎಂಬ ಮಾತು. (ಅಂದಿನದೆಲ್ಲ ಅಪ್ಪಟ ಚಿನ್ನವೆಂದು ಯಾರೂ ತಿಳಿಯಬೇಕಿಲ್ಲ, ಅದೇ ಜನ ಲಾರಿಯಲ್ಲಿ ನೇತಾಡಿಕೊಂಡು ಬರುತ್ತಿದ್ದುದೂ ಉಂಟು.) ಇಂದು ಎಂಟು ವರ್ಷದ ಮಗುವಿಗೆ ಅಮ್ಮನ ಮೊಬೈಲ್ ನಂಬರ್ ಬಾಯಿಗೆ ಬರುವುದಿಲ್ಲ. ಅದು ಫೋನಿನಲ್ಲಿದೆ, ಫೋನು ಲಾಕರಿನಲ್ಲಿದೆ. ಕೃತಕ ಅಲೆಗಳ ಕೊಳದ ಬಳಿ ಮಗು ದಿಕ್ಕು ತಪ್ಪಿ ಅಳುತ್ತ ನಿಂತಾಗ ಮೈಕಿನವರು ಕೂಗಲು ಬೇಕಾದ ಒಂದೇ ಒಂದು ವಿವರವನ್ನೂ ನಾವು ಅದಕ್ಕೆ ಕಲಿಸಿ ಕಳಿಸಿರುವುದಿಲ್ಲ.

ಬಿಡದಿ ಬಳಿ ವಂಡರ್‌ಲಾ ಪಾರ್ಕು ಬಾಗಿಲು ತೆರೆದದ್ದು 2005ರಲ್ಲಿ. ಅಲ್ಲಿ ಬಾಲ್ಯದಲ್ಲಿ ಆಡಿದವರೇ ಇಂದು ಮಕ್ಕಳ ಕೈ ಹಿಡಿದು ಹೋಗುತ್ತಿದ್ದಾರೆ. ಆದ್ದರಿಂದ ಗೊತ್ತಿರಲಿಲ್ಲ ಎಂಬ ನೆಪ ನಡೆಯದು. ಮೇ ತಿಂಗಳ ಭಾನುವಾರ ಹೇಗಿರುತ್ತದೆಂದು ಗೊತ್ತು, ಆದರೂ ಹೊರಡುವುದು ಅಂದೇ. ಅದೂ ಎದ್ದು, ಇಡ್ಲಿ ತರಿಸಿಕೊಂಡು ತಿಂದು, ಹತ್ತು ಗಂಟೆಗೆ. ಕೆಂಗೇರಿ ದಾಟುವಷ್ಟರಲ್ಲಿ ಜಗಳ ಶುರು. ನೀರಾಟಕ್ಕೆ ಹತ್ತಿಯ ಬಟ್ಟೆ ನಡೆಯುವುದಿಲ್ಲವೆಂದು ಗೊತ್ತು, ಆದರೂ ಜೀನ್ಸ್ ತೊಡಿಸಿ ಕರೆತಂದು ಬಾಗಿಲಲ್ಲಿ ವಾದಿಸುತ್ತೇವೆ. ಕಚೇರಿಗೆ ಹೊರಗಿನ ಕ್ಲೈಂಟ್ ಬರುತ್ತಾನೆಂದರೆ ಏರ್‌ಪೋರ್ಟಿನಿಂದ ಊಟದ ಮೇಜಿನವರೆಗೆ ನಿಮಿಷ ನಿಮಿಷಕ್ಕೆ ಪಟ್ಟಿ ಮಾಡುವವರು ಇದೇ ನಾವು. ಮನೆಯವರ ಪಾಲಿಗೆ ಮಾತ್ರ ‘ಹೋದ್ಮೇಲೆ ನೋಡ್ಕೊಳ್ಳೋಣ’.

ಇದರ ಪೂರ್ತಿ ಬೆಲೆ ತೆರುವವರು ಅಜ್ಜಿ. ‘ಬಾರಮ್ಮ, ನೀನಿಲ್ದೆ ಹೇಗೆ’ ಎಂದು ಕರೆತರುತ್ತೇವೆ, ಗೇಟಿನ ಮುಂದೆ ಫೋಟೋ ತೆಗೆಯುತ್ತೇವೆ. ಸೀರೆ ಉಟ್ಟ, ಮಂಡಿನೋವಿನ ಅರವತ್ತೆಂಟರ ಹೆಂಗಸಿಗೆ ಅಲ್ಲಿ ಏನಿದೆಯೆಂದು ಮೊದಲೇ ಯೋಚಿಸಿದವರಿಲ್ಲ. ಐದಾರು ಗಂಟೆ ಅವರು ಸಿಮೆಂಟಿನ ಕಟ್ಟೆಯ ಮೇಲೆ ಒದ್ದೆ ಟವೆಲ್ಲು, ಚಪ್ಪಲಿ, ಚಿಪ್ಸಿನ ಪೊಟ್ಟಣಗಳ ನಡುವೆ ಕೂತಿರುತ್ತಾರೆ. ಶೌಚಾಲಯಕ್ಕೆ ಹೋಗಬೇಕೆಂದರೆ ಬ್ಯಾಗು ನೋಡಿಕೊಳ್ಳುವವರಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಕಾರಿನಲ್ಲೇ ಉಳಿದಿದೆ, ಊಟ ಮೂರೂವರೆಗೆ. ಅವರಿಗೂ ಟಿಕೆಟ್ ತೆಗೆದಿದ್ದೇವೆ, ಸಾಮಾನು ಕಾಯಲು. ಬೇರೆಯವರ ಮನೆಯಲ್ಲಿ ಇದೇ ಕೆಲಸವನ್ನು ಆಳಿನಿಂದ ಮಾಡಿಸಿದರೆ ಊಟದ ಹೊತ್ತನ್ನಾದರೂ ಕೇಳುತ್ತಿದ್ದರು.

ಸಿದ್ಧತೆಗೆ ಬೇಕಾದ್ದು ಒಂದು ಸಂಜೆ: ಎತ್ತರ ಅಳೆದು, ಯಾವ ಸವಾರಿ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂದು ಮಗುವಿಗೆ ಮನೆಯಲ್ಲೇ ಹೇಳುವುದು, ವಾರದ ನಡುವೆ ಒಂದು ರಜೆ ಹಾಕುವುದು, ಅಜ್ಜಿಗೆ ಬರಲು ಮನಸ್ಸಿದೆಯೇ ಎಂದು ನಿಜವಾಗಿ ಕೇಳುವುದು. ಆ ಸಂಜೆಯನ್ನು ರೀಲ್ಸ್ ನೋಡುತ್ತ ಕಳೆದವರು ನಾವು. ವಾಪಸಾಗುವಾಗ ದಣಿದ ಕಣ್ಣಲ್ಲೇ ಎಕ್ಸ್‌ಪ್ರೆಸ್ ಹೆದ್ದಾರಿ ಹತ್ತುತ್ತೇವೆ. ಕ್ಯಾಮೆರಾ ಕಂಡಲ್ಲಿ ವೇಗ ಇಳಿಯುತ್ತದೆ, ದಾಟಿದ ಮೇಲೆ ಏರುತ್ತದೆ, ಸನ್‌ರೂಫ್‌ನಿಂದ ಮಗು ತಲೆ ಹೊರಹಾಕಿ ಕೇಕೆ ಹಾಕುತ್ತದೆ. ಮನೆ ತಲುಪಿ, ಮಕ್ಕಳನ್ನು ಮಲಗಿಸಿ, ಆಮೇಲೆ ಫೋನ್ ಕೈಗೆತ್ತಿಕೊಂಡು ‘ವಿಪರೀತ ರಶ್, ಸ್ಟಾಫ್ ಸರಿಯಿಲ್ಲ, ವಯಸ್ಸಾದವರಿಗೆ ಕೂರಲು ಜಾಗವಿಲ್ಲ’ ಎಂದು ಬರೆದು ಪಾರ್ಕಿಗೆ ಒಂದೇ ಒಂದು ಸ್ಟಾರ್ ಕೊಡುತ್ತೇವೆ.