ಮುಟ್ಟದೆ ಬರೆದ ಚೀಟಿ



ಬಿಳಿಸೆರಗು. ಈ ಮಾತು ಬರೆದರೆ ಮೂಗು ಮುರಿಯುವವರು ನಮ್ಮಲ್ಲೇ ಇದ್ದಾರೆ. ಭೂಮಿ ಪ್ರಶ್ನೆ ಇದೆ, ಮೀಸಲಾತಿ ಪ್ರಶ್ನೆ ಇದೆ, ಹೆಂಗಸರ ಸೀರೆಯೊಳಗಿನ ವಿಷಯ ಸಭೆಗೆ ಯಾಕೆ ಅಂತಾರೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಗದ್ದೆಗಳಲ್ಲಿ ಸೊಂಟ ಬಗ್ಗಿಸಿ ಸಸಿ ನೆಡುವವಳು ಯಾರು? ಕಂಡವರ ಅಂಗಳದಲ್ಲಿ ರಾತ್ರಿ ತನಕ ಅಡಿಕೆ ಸುಲಿಯುವವಳು ಯಾರು? ಆ ಸೊಂಟ ಆರು ತಿಂಗಳಿಂದ ನೋಯುತ್ತಿದೆ, ತುರಿಕೆಗೆ ನಿದ್ದೆಯಿಲ್ಲ, ವಾಸನೆಗೆ ಹೆದರಿ ಆಕೆ ಬಸ್ಸಿನಲ್ಲಿ ಯಾರ ಪಕ್ಕವೂ ಕೂರುತ್ತಿಲ್ಲ ಅಂದರೆ ಅದು ಯಾವ ಪ್ರಶ್ನೆಗಿಂತ ಚಿಕ್ಕದು ಹೇಳಿ.

ಎಲ್ಲ ಬಿಳುಪೂ ರೋಗವಲ್ಲ. ಹಾಸ್ಟೆಲಿನ ಹುಡುಗಿಯರು ಇದನ್ನು ಮೊದಲು ತಿಳಿಯಬೇಕು. ಎರಡು ಮುಟ್ಟಿನ ನಡುವೆ ಮೊಟ್ಟೆಯ ಲೋಳೆಯ ಹಾಗೆ ತಿಳಿಯಾಗಿ ಹೋಗುವುದು ಆರೋಗ್ಯದ ಮೈಯ ಗುಣ, ಅದಕ್ಕೆ ಮದ್ದು ಬೇಡ. ಮೀನಿನ ವಾಸನೆ ಬಂದರೆ, ಒಡೆದ ಹಾಲಿನಂತೆ ಗಟ್ಟಿಯಾಗಿ ಬಂದು ತುರಿಸಿದರೆ, ಹಳದಿ-ಹಸಿರು ನೊರೆ ಬಂದರೆ, ಕೆಳಹೊಟ್ಟೆ ನೋವು, ಜ್ವರ ಜೊತೆಗೂಡಿದರೆ, ರಕ್ತ ಬೆರೆತರೆ ಅದು ಕಾಯಿಲೆ. ಅದೂ ಒಂದೇ ಕಾಯಿಲೆಯಲ್ಲ. ಒಂದಕ್ಕೆ ಬ್ಯಾಕ್ಟೀರಿಯಾ ಕಾರಣ, ಇನ್ನೊಂದಕ್ಕೆ ಫಂಗಸ್ಸು, ಮತ್ತೊಂದಕ್ಕೆ ಟ್ರೈಕೋಮೊನಾಸ್ ಎಂಬ ಕಣ್ಣಿಗೆ ಕಾಣದ ಜೀವಿ. ಕೆಲವು ಸಲ ಗರ್ಭಕೋಶದ ಬಾಯಿಯ ಸೋಂಕು, ಕೆಲವು ಸಲ ಅಲ್ಲಿಯ ಕ್ಯಾನ್ಸರು. ಒಂದೇ ಮಾತ್ರೆ ಎಲ್ಲದಕ್ಕೂ ನಾಟುವುದಿಲ್ಲ. ಬ್ಯಾಕ್ಟೀರಿಯಾಕ್ಕೆ ಕೊಟ್ಟ ಮಾತ್ರೆಯಿಂದ ಫಂಗಸ್ಸು ಹೆಚ್ಚುವುದೂ ಉಂಟು. ಸಕ್ಕರೆ ಕಾಯಿಲೆ ಇದ್ದವಳಿಗೆ ಅದು ಮತ್ತೆ ಮತ್ತೆ ಬರುತ್ತದೆ. ಯಾವುದು ಅಂತ ತಿಳಿಯಬೇಕಾದರೆ ನೋಡಬೇಕು. ಪರೀಕ್ಷೆ ಮಾಡಬೇಕು.

ಜಾತಿ ಬಂದು ಕೂತಿರುವುದು ಇಲ್ಲೇ. ನಮ್ಮ ಹೆಂಗಸರಿಗೆ ಸಿಗುವುದು ಪರೀಕ್ಷೆಯಲ್ಲ, ಚೀಟಿ. "ಏನಮ್ಮ?" ಅಂತ ಮೇಜಿನ ಆ ಕಡೆಯಿಂದ. "ಬಿಳಿ ಹೋಗ್ತದೆ ಡಾಕ್ಟ್ರೆ" ಅನ್ನುವಷ್ಟರಲ್ಲಿ ಚೀಟಿ ಹರಿದಾಯ್ತು. ಮಂಚದ ಮೇಲೆ ಮಲಗಿಸಲಿಲ್ಲ, ಪರದೆ ಎಳೆಯಲಿಲ್ಲ, ಕೈಗವಸು ಹಾಕಲಿಲ್ಲ. ನಮ್ಮಜ್ಜಿಯ ಬೊಗಸೆಗೆ ಮೇಲಿನಿಂದ ನೀರು ಹೊಯ್ದ ಹಾಗೆ ಈಗ ಮೇಲಿನಿಂದ ಮಾತ್ರೆ ಹೊಯ್ಯುತ್ತಾರೆ. ಸರದಿ ಉದ್ದ, ಡಾಕ್ಟರು ಒಬ್ಬರೇ ಅಂತಾರೆ. ಅದು ಪೂರ್ತಿ ಸುಳ್ಳಲ್ಲ. ಆದರೆ ತೋಟದವರ ಮನೆಯ ಅಮ್ಮನವರು ಸಂಜೆ ಕ್ಲಿನಿಕ್ಕಿಗೆ ಹೋದರೆ ಪುರುಸೊತ್ತು ಎಲ್ಲಿಂದ ಬರುತ್ತದೆ?

ಬೇಕಾದ ಸಾಮಾನೇನು ಬೆಟ್ಟದಷ್ಟಿಲ್ಲ. ಹತ್ತಿಯ ಕಡ್ಡಿಯಲ್ಲಿ ತೆಗೆದ ಒಂದು ಹನಿ, ಗಾಜಿನ ಪಟ್ಟಿ, ತುಸು ಉಪ್ಪುನೀರು. ಪಿಯುಸಿ ಲ್ಯಾಬಿನಲ್ಲಿ ಈರುಳ್ಳಿ ಸಿಪ್ಪೆ ನೋಡುತ್ತೀರಲ್ಲ, ಆ ಸೂಕ್ಷ್ಮದರ್ಶಕ ಸಾಕು. ಟ್ರೈಕೋಮೊನಾಸ್ ಇದ್ದರೆ ಈಜಾಡುವುದು ಹೆಚ್ಚಾಗಿ ಅದರಲ್ಲೇ ಕಾಣುತ್ತದೆ. ಬಣ್ಣ ಬದಲಿಸುವ ಪಿಎಚ್ ಕಾಗದ 4.5 ದಾಟಿ ತೋರಿಸಿದರೆ ಅದೊಂದು ಸುಳಿವು. ಮದುವೆಯಾಗದ ಹುಡುಗಿಗೆ ಒಳಗೆ ಉಪಕರಣ ಹಾಕದೆಯೂ ಹನಿ ತೆಗೆಯಬಹುದು, ಆಕೆಯೇ ತೆಗೆದುಕೊಡಲೂಬಹುದು. ಪರೀಕ್ಷೆಯ ಸೌಕರ್ಯ ಇಲ್ಲದ ಕಡೆ ಲಕ್ಷಣ ಕೇಳಿ ಒಂದು ಸಲ ಮಾತ್ರೆ ಕೊಡುವುದು ತಪ್ಪಲ್ಲ. ಸರ್ಕಾರದ ಸುರಕ್ಷಾ ಕ್ಲಿನಿಕ್ಕಿನಲ್ಲಿ ಆ ಮಾತ್ರೆ ಪುಕ್ಕಟೆ. ಆದರೆ ಮೂರನೇ ಸಲ ಬಂದವಳಿಗೂ ಅದೇ ಚೀಟಿ ಬರೆದರೆ ಅದಕ್ಕೆ ವೈದ್ಯ ಅನ್ನುತ್ತಾರೇನ್ರಪ್ಪ?

ಅತ್ತ ಮನೆಯಲ್ಲಿ ಹೇಳುವುದೇ ಬೇರೆ. ಉಷ್ಣ ಅಂತಾರೆ. ಮೂಳೆ ಕರಗಿ ಬಿಳಿಯಾಗಿ ಹೋಗ್ತದೆ ಅಂತಾರೆ. ಮೂಳೆ ಕರಗುವುದಿಲ್ಲ. ಮೂಳೆಯ ಕಾಯಿಲೆ ಏನೆಂದು ಸಾಗರ ತಾಲೂಕಿಗೆ ಚೆನ್ನಾಗಿ ಗೊತ್ತು. 1974-75ರ ಹೊತ್ತಿಗೆ ಹಂದಿಗೋಡಿನ ದಲಿತ ಕೇರಿಯಲ್ಲಿ ಸೊಂಟದ ಕೀಲು ಕೆಟ್ಟು ಜನ ನಡೆಯಲಾರದಾದಾಗ ತಜ್ಞರು ಹೈದರಾಬಾದಿನಿಂದ ಬಂದರು. ಗದ್ದೆಯ ಏಡಿ ತಿಂದಿದ್ದಕ್ಕೆ ಎಂಬ ಊಹೆ ಹುಟ್ಟಿತು, ಆಮೇಲೆ ವಂಶದಲ್ಲಿ ಬರುವುದು ಎಂದರು. ಅಪರೂಪದ ರೋಗವಾದರೆ ನಮ್ಮ ರಕ್ತ ತೆಗೆಯಲು ದೂರದಿಂದ ಬರುತ್ತಾರೆ. ದಿನನಿತ್ಯದ ರೋಗಕ್ಕೆ ಒಂದು ಹನಿ ತೆಗೆಯುವವರಿಲ್ಲ.

ನೋಡದೆ ಬಿಟ್ಟದ್ದು ಎಲ್ಲಿಗೆ ಮುಟ್ಟುತ್ತದೆ ಗೊತ್ತೆ? ಕತ್ತರಿಗೆ. ಕಲಬುರಗಿ ಜಿಲ್ಲೆಯಲ್ಲಿ ಹೊಟ್ಟೆನೋವು, ಬಿಳಿಸೆರಗು ಅಂತ ಹೋದ ಲಂಬಾಣಿ ಮತ್ತು ದಲಿತ ಹೆಂಗಸರ ಗರ್ಭಕೋಶವನ್ನೇ ಖಾಸಗಿ ಆಸ್ಪತ್ರೆಗಳಲ್ಲಿ ತೆಗೆದದ್ದು ಬಯಲಾಗಿ, 2015ರಲ್ಲಿ ಆರೋಗ್ಯ ಇಲಾಖೆ ತನಿಖೆ ಮಾಡಿಸಿತು. ಅನೇಕರಿಗೆ 40 ಕೂಡ ಆಗಿರಲಿಲ್ಲ. ಪಕ್ಕದ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಾವಿರಕ್ಕೂ ಹೆಚ್ಚು ಹೆಂಗಸರ ಗರ್ಭಕೋಶ ವಿನಾಕಾರಣ ತೆಗೆದರೆಂದು ಆರೋಪಿಸಿ ತಾಂಡಾಗಳ ಹೆಂಗಸರು 2022ರಲ್ಲಿ ಬೀದಿಗಿಳಿದರು. ಬೇಡದ ಇಂಥ ಆಪರೇಷನ್ ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿ ಮಾಡಿ ಎಂದು ಸುಪ್ರೀಂ ಕೋರ್ಟು 2023ರ ಏಪ್ರಿಲಿನಲ್ಲಿ ರಾಜ್ಯಗಳಿಗೆ ಹೇಳಿತು. ಒಂದು ಹನಿ ತೆಗೆಯಲು ಹೇಸಿದ ವ್ಯವಸ್ಥೆಗೆ ಹೊಟ್ಟೆ ಕೊಯ್ಯಲು ಹೇಸಿಗೆಯಿಲ್ಲ, ಯಾಕೆಂದರೆ ಅಲ್ಲಿ ಬಿಲ್ಲು ಇದೆ.

ನಾಚಿಕೆ ಅಂತೀರಾ? ನಮ್ಮದೇ ಜಿಲ್ಲೆಯ ಚಂದ್ರಗುತ್ತಿಯಲ್ಲಿ ರೋಗ ವಾಸಿಯಾಗಲಿ ಅಂತ ಹರಕೆ ಹೊತ್ತ ಹೆಣ್ಣುಮಕ್ಕಳು ಬೆತ್ತಲೆ ಗುಡ್ಡ ಹತ್ತುವುದನ್ನು ಊರಿಗೆ ಊರೇ ನಿಂತು ನೋಡುತ್ತಿತ್ತು. 1986ರ ಮಾರ್ಚಿನ ಜಾತ್ರೆಯಲ್ಲಿ ದಲಿತ ಕಾರ್ಯಕರ್ತರು ತಡೆಯಲು ಹೋಗಿ ಏಟು ತಿಂದ ಮೇಲೆ ಅದಕ್ಕೆ ನಿಷೇಧ ಬಂತು. ದೇವರ ಹೆಸರಲ್ಲಿ ಬಯಲಲ್ಲಿ ನಿಲ್ಲಿಸಲು ಇಲ್ಲದ ನಾಚಿಕೆ ಪರದೆಯ ಹಿಂದೆ ಪರೀಕ್ಷೆ ಮಾಡಿಸಲು ಎಲ್ಲಿಂದ ಬಂತು?

ಗಂಡಸರಿಗೂ ಒಂದು ಮಾತು. ಟ್ರೈಕೋಮೊನಾಸ್ ಸಂಗದಿಂದ ದಾಟುತ್ತದೆ, ಗಂಡಸಿನಲ್ಲಿ ಹೆಚ್ಚಾಗಿ ಲಕ್ಷಣ ತೋರಿಸದೆ ಕೂತಿರುತ್ತದೆ. ಹೆಂಡತಿಯೊಬ್ಬಳೇ ಮಾತ್ರೆ ನುಂಗಿದರೆ ಮತ್ತೆ ಬರುತ್ತದೆ, ಆಮೇಲೆ "ನಿಂದೇ ಏನೋ ನಡತೆ" ಅಂತ ಅವಳಿಗೇ ಹೊಡೆತ. ಗಂಡ ಚೀಟಿ ಮಾಡಿಸಿ ಸರದಿಯಲ್ಲಿ ನಿಲ್ಲಬೇಕು.

ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯ್ತು, ಬಸ್ಸು ಪುಕ್ಕಟೆ ಅಂತಾರೆ. ಸರ್ಕಾರಿ ಬಸ್ಸು. ನಮ್ಮ ಮೂರು ತಾಲೂಕಿನ ಒಳದಾರಿಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿಯವು. ಶಿವಮೊಗ್ಗದ ಮೆಗ್ಗಾನಿಗೆ ಹೋಗಿಬರಲು ಚಾರ್ಜು, ಮೇಲೆ ಒಂದು ದಿನದ ಕೂಲಿ. ಆದ್ದರಿಂದ ಪರೀಕ್ಷೆ ತಾಲೂಕಿನಲ್ಲೇ ಆಗಬೇಕು. ಮೂವತ್ತು ದಾಟಿದವರಿಗೆ ಗರ್ಭಕೋಶದ ಬಾಯಿಗೆ ವಿನೆಗರಿನಂಥ ದ್ರಾವಣ ಹಚ್ಚಿ ಕ್ಯಾನ್ಸರಿನ ಮುನ್ಸೂಚನೆ ನೋಡುವ ಪುಕ್ಕಟೆ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ, ಅದನ್ನೂ ಕೇಳಬೇಕು.

ಹಾಸ್ಟೆಲಿನವರು ಒಂದು ಕೆಲಸ ಮಾಡಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಮೂರೂ ತಾಲೂಕು ಆಸ್ಪತ್ರೆಗಳಿಗೆ ಅರ್ಜಿ ಹಾಕಿ. ಹೋದ ವರ್ಷ ಬಿಳಿಸೆರಗು ಅಂತ ಬಂದವರೆಷ್ಟು, ಅವರಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ದು ಎಷ್ಟು ಜನರದ್ದು, ಹೆಂಗಸು ಡಾಕ್ಟರು ಯಾವ್ಯಾವ ದಿನ ಇರುತ್ತಾರೆ, ಪರೀಕ್ಷೆಯ ಕೋಣೆಗೆ ಪರದೆ ಇದೆಯೋ ಇಲ್ಲವೋ. ಉತ್ತರಕ್ಕೆ 30 ದಿನ ಗಡುವು. ಬಂದ ಉತ್ತರವನ್ನು ಮುಂದಿನ ಸಭೆಗೆ ತನ್ನಿ, ಹೆಂಗಸರ ಎದುರು ಗಟ್ಟಿಯಾಗಿ ಓದೋಣ.