ಕೊಂಡ ವಸ್ತುವಿನೊಳಗಿನ ಬೀಗ

ಒಂದು ವಸ್ತುವಿಗೆ ಬೆಲೆ ತೆತ್ತು ಮನೆಗೆ ತಂದ ಮೇಲೆ ಅದರೊಳಗಿರುವುದೆಲ್ಲವೂ ಕೊಂಡವನಿಗೆ ಸೇರಿದುದೆಂಬುದು ಲೋಕರೂಢಿ. ನಮ್ಮ ಹೊಳಲ್ಕೆರೆ ಸೀಮೆಯ ಸಂತೆಗಳಲ್ಲಿ ತೆಂಗಿನಕಾಯಿ ಮಾರುವವನು ತಿರುಳಿಗೊಂದು ಬೆಲೆ, ಒಳಗಿನ ನೀರಿಗೆ ಮತ್ತೊಂದು ಬೆಲೆ ಎಂದು ಹೇಳಿದುದನ್ನು ಯಾರೂ ಕೇಳಿರಲಾರರು. ಆದರೆ ಆಟಿಕೆಯಿಂದ ಹಿಡಿದು ವಾಹನದವರೆಗೆ ಎಲ್ಲದರೊಳಗೂ ಗಣಕಯಂತ್ರವು ಹೊಕ್ಕಿರುವ ಈ ಕಾಲದಲ್ಲಿ ಆ ರೂಢಿ ಸಡಿಲವಾಗುತ್ತಿದೆ.

ಈ ತಕರಾರನ್ನು ಗಟ್ಟಿಯಾಗಿ ಎತ್ತಿದವರು ವಿಡಿಯೋ ಆಟಗಾರರೆಂಬುದನ್ನು ಅವರ ಪರವಾಗಿ ಹೇಳಲೇಬೇಕು. 2012ರ ಮಾರ್ಚ್ ತಿಂಗಳಲ್ಲಿ ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯು ‘ಸ್ಟ್ರೀಟ್ ಫೈಟರ್ ಕ್ರಾಸ್ ಟೆಕ್ಕೆನ್’ ಎಂಬ ಕಾಳಗದ ಆಟವನ್ನು ಹೊರತಂದಿತು. ಕುತೂಹಲಿಗಳಾದ ಕೆಲವರು ಡಿಸ್ಕನ್ನು ಶೋಧಿಸಿ ನೋಡಲಾಗಿ, ಮುಂದೆ ಪ್ರತ್ಯೇಕ ಹಣಕ್ಕೆ ಮಾರಬೇಕೆಂದಿದ್ದ ಹನ್ನೆರಡು ಪಾತ್ರಗಳು ಆಗಲೇ ಅದರೊಳಗೆ ಅಚ್ಚಾಗಿದ್ದುವು. ಆಟಗಾರರು ರೊಚ್ಚಿಗೆದ್ದರು. ‘ಕೈಯಲ್ಲಿರುವುದನ್ನೇ ಮತ್ತೊಮ್ಮೆ ಕೊಳ್ಳಬೇಕೇ?’ ಎಂಬುದು ಅವರ ಪ್ರಶ್ನೆ. ಪಾತ್ರಗಳು ಡಿಸ್ಕಿನಲ್ಲಿ ಬಂದರೇನು, ಅಂತರಜಾಲದ ಮೂಲಕ ಬಂದರೇನು, ತಲಪುವ ದಾರಿಯ ಹೊರತು ಬೇರೆ ಭೇದವಿಲ್ಲವೆಂಬುದು ಸಂಸ್ಥೆಯ ಸಮಾಧಾನ.

ಇದನ್ನು ಭೌತವಿಜ್ಞಾನದ ದೃಷ್ಟಿಯಿಂದ ನೋಡೋಣ. ಪ್ಲೇಸ್ಟೇಷನ್ 3 ಯಂತ್ರದ ಬ್ಲೂ-ರೇ ಡಿಸ್ಕಿನ ಒಂದೊಂದು ಪದರವು 25 ಗಿಗಾಬೈಟುಗಳನ್ನು ಹಿಡಿಯುತ್ತದೆ. ಸುರುಳಿಯಾಗಿ ಸಾಗುವ ಸಣ್ಣ ಕುಳಿಗಳ ಸಾಲುಗಳ ನಡುವಣ ಅಂತರ 0.32 ಮೈಕ್ರಾನ್, ಅವುಗಳನ್ನು ಓದುವುದು 405 ನ್ಯಾನೊಮೀಟರ್ ತರಂಗದೂರದ ನೇರಿಳೆ ಲೇಸರ್ ಕಿರಣ. ಹಣ ತೆರುವ ಮುನ್ನ ಎಷ್ಟು ಕುಳಿಗಳಿದ್ದುವೋ ತೆತ್ತ ಬಳಿಕವೂ ಅಷ್ಟೇ. ಒಂದು ಪರಮಾಣುವೂ ಸ್ಥಾನ ಬದಲಿಸುವುದಿಲ್ಲ. ಬದಲಾಗುವುದು ಯಂತ್ರದ ಸ್ಮೃತಿಯಲ್ಲಿ ಬರೆದ ಒಂದು ಅನುಮತಿ ಮಾತ್ರ.

ಹಾಗೆಂದ ಮಾತ್ರಕ್ಕೆ ಇದು ಮೋಸವೇ? ಆಟಗಾರರ ಕೋಪವು ಅರ್ಧ ಮಾತ್ರ ನ್ಯಾಯವೆಂದು ನನಗೆ ತೋರುತ್ತದೆ. ನಾವು ಬೆಲೆ ಕೊಡುವುದು ಪ್ಲಾಸ್ಟಿಕ್ಕಿನ ಕುಳಿಗಳಿಗಲ್ಲ, ಆಟವನ್ನು ಕಟ್ಟಿದವರ ಶ್ರಮಕ್ಕೆ. ಒಂದು ಪ್ರತಿಯನ್ನು ಹೆಚ್ಚಾಗಿ ಅಚ್ಚುಮಾಡಲು ತಗಲುವ ವೆಚ್ಚ ಅತ್ಯಲ್ಪ; ಮೊದಲ ಪ್ರತಿಯನ್ನು ಸಿದ್ಧಪಡಿಸುವುದರಲ್ಲಿಯೇ ಹಣವೆಲ್ಲ ಕರಗುತ್ತದೆ. ಇಂತಹ ಸಂದರ್ಭದಲ್ಲಿ ಮಾರುವವನು ಹೆಚ್ಚು ಕೊಡಬಲ್ಲವನಿಂದ ಹೆಚ್ಚು, ಕಡಿಮೆ ಕೊಡಬಲ್ಲವನಿಂದ ಕಡಿಮೆ ಪಡೆಯಲು ಯತ್ನಿಸುತ್ತಾನೆ. ಉಪಾಯ ಹಳೆಯದು. ರೈಲ್ವೆ ಕಂಪನಿಗಳು ಮೂರನೆಯ ದರ್ಜೆಯ ಗಾಡಿಗಳಿಗೆ ಚಾವಣಿ ಹಾಕಿಸದಿರುವುದು ಚಾವಣಿಯ ಖರ್ಚಿಗೆ ಹೆದರಿ ಅಲ್ಲ, ಎರಡನೆಯ ದರ್ಜೆಯ ಹಣ ಕೊಡಬಲ್ಲವರು ಮೂರನೆಯದರಲ್ಲಿ ಕೂರದಿರಲೆಂದು ಎಂಬುದಾಗಿ ಫ್ರಾನ್ಸಿನ ಇಂಜಿನಿಯರ್ ಜೂಲ್ ದ್ಯುಪ್ವಿ 1849ರಲ್ಲಿಯೇ ಬರೆದಿದ್ದನು. 1991ರಲ್ಲಿ ಇಂಟೆಲ್ ಸಂಸ್ಥೆಯು 486 ಎಸ್‌ಎಕ್ಸ್ ಎಂಬ ಅಗ್ಗದ ಚಿಪ್ಪನ್ನು ಮಾರಿತು. ಮೊದಮೊದಲು ಬಂದವು ದುಬಾರಿಯ 486 ಡಿಎಕ್ಸ್ ಚಿಪ್ಪುಗಳೇ. ದಶಮಾಂಶ ಲೆಕ್ಕ ಮಾಡುವ ಭಾಗವನ್ನು ಮಾತ್ರ ನಿಷ್ಕ್ರಿಯಗೊಳಿಸಲಾಗಿತ್ತು. 2010ರಲ್ಲಿ ಅದೇ ಸಂಸ್ಥೆಯು ಒಂದು ಪೆಂಟಿಯಂ ಚಿಪ್ಪಿನ ಅಡಗಿದ ಸಾಮರ್ಥ್ಯವನ್ನು 50 ಡಾಲರಿನ ಕಾರ್ಡಿನಿಂದ ತೆರೆಯುವ ಏರ್ಪಾಡನ್ನು ಪ್ರಯತ್ನಿಸಿ, ಮರುವರ್ಷ ಕೈಬಿಟ್ಟಿತು.

ಈಗ ವಿಷಯ ನಮ್ಮ ಬೆಂಗಳೂರಿಗೇ ಬಂದಿದೆ. ಅಲ್ಲಿಯ ಓಲಾ ಎಲೆಕ್ಟ್ರಿಕ್ ಸಂಸ್ಥೆಯು 2021ರ ಆಗಸ್ಟ್ 15ರಂದು ಎರಡು ವಿದ್ಯುತ್ ಸ್ಕೂಟರುಗಳನ್ನು ಪ್ರಕಟಿಸಿತು: 99,999 ರೂಪಾಯಿಯ ಎಸ್1, 1,29,999 ರೂಪಾಯಿಯ ಎಸ್1 ಪ್ರೊ. ಮೊದಲನೆಯದರ ಬ್ಯಾಟರಿ 2.98 ಕಿಲೊವ್ಯಾಟ್-ಗಂಟೆಯದು, ಎರಡನೆಯದರದು 3.97. ಬಳಿಕ 2022ರ ಜನವರಿಯಲ್ಲಿ, ಎಸ್1 ಕಾಯ್ದಿರಿಸಿದವರಿಗೂ ಪ್ರೊ ಸ್ಕೂಟರಿನ ಯಂತ್ರಭಾಗಗಳನ್ನೇ ಕೊಡುವುದಾಗಿಯೂ, ಹೆಚ್ಚಿನ ದೂರ ಮತ್ತು ವೇಗ ಬೇಕಾದವರು ಹಣ ತೆತ್ತು ಅವನ್ನು ತೆರೆಯಿಸಿಕೊಳ್ಳಬಹುದೆಂದೂ ಸಂಸ್ಥೆಯು ಸಾರಿತು. ಇದನ್ನು ಗುಟ್ಟಾಗಿ ಮಾಡಲಿಲ್ಲವೆಂಬುದು ಮೆಚ್ಚತಕ್ಕ ಮಾತು. ಆದರೂ ಡಿಸ್ಕಿಗೂ ಬ್ಯಾಟರಿಗೂ ಇರುವ ಅಂತರವನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಡಿಸ್ಕಿನ ಮೇಲಣ ಹೆಚ್ಚಿನ ಕುಳಿಗೆ ತೂಕವಿಲ್ಲ. ಬ್ಯಾಟರಿಗೆ ತೂಕವುಂಟು. ಲಿಥಿಯಂ ಕೋಶಗಳು ಕಿಲೋಗ್ರಾಮಿಗೆ ಸುಮಾರು 200ರಿಂದ 250 ವ್ಯಾಟ್-ಗಂಟೆ ಶಕ್ತಿಯನ್ನು ಹಿಡಿಯುತ್ತವೆಂದು ಇಟ್ಟುಕೊಂಡರೆ, ಹೆಚ್ಚುಕಡಿಮೆ ಒಂದು ಕಿಲೊವ್ಯಾಟ್-ಗಂಟೆಯ ವ್ಯತ್ಯಾಸವೆಂದರೆ ನಾಲ್ಕೈದು ಕಿಲೋಗ್ರಾಂ. ಹೊರಕೆರೆದೇವಪುರದಿಂದ ಹೊಳಲ್ಕೆರೆಗೋ ಚಿತ್ರದುರ್ಗಕ್ಕೋ ದಿನವೂ ಓಡಾಡುವ ಸವಾರನು ತನಗೆ ಮುಟ್ಟಲು ಅಧಿಕಾರವಿಲ್ಲದ ಈ ಭಾರವನ್ನು ಪ್ರತಿಯೊಂದು ಏರಿನಲ್ಲಿಯೂ ಹೊರಬೇಕು. ಗಣಿಯಿಂದ ಅಗೆದು ತೆಗೆದ ಲಿಥಿಯಂ, ನಿಕ್ಕಲ್‌ಗಳನ್ನು ಬೀಗ ಹಾಕಿ ಮಲಗಿಸುವುದನ್ನು ಬೆಲೆಯ ತಂತ್ರವೆಂದು ಒಪ್ಪುವುದು ನನಗೆ ಕಷ್ಟವಾಗುತ್ತದೆ. ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಲಿಥಿಯಂ ಕೋಶವನ್ನು ಪೂರ್ಣ ವೋಲ್ಟೇಜಿನವರೆಗೆ ತುಂಬದೆ ಬಳಸಿದರೆ ಅದರ ಆಯುಸ್ಸು ಹೆಚ್ಚುತ್ತದೆ. ಬೀಗವು ಮೇಲ್ತುದಿಯಲ್ಲಿದ್ದರೆ ಬಡವನ ಬ್ಯಾಟರಿಯೇ ಹೆಚ್ಚು ಕಾಲ ಬಾಳೀತು! ಆದರೆ ಬೀಗವು ಎಲ್ಲಿದೆಯೆಂಬುದನ್ನು ಮಾರುವವನು ಹೇಳಿದರೆ ತಾನೆ ಕೊಳ್ಳುವವನಿಗೆ ತಿಳಿಯುವುದು?

ಅಂತಹ ಬೀಗದ ಕೈ ಎಷ್ಟು ದೂರದಲ್ಲಿರಬಲ್ಲುದೆಂಬುದು 2017ರ ಸೆಪ್ಟೆಂಬರಿನಲ್ಲಿ ಕಂಡುಬಂತು. ಅಮೆರಿಕದ ಫ್ಲಾರಿಡಾ ಪ್ರಾಂತವನ್ನು ಇರ್ಮಾ ಚಂಡಮಾರುತವು ಸಮೀಪಿಸಿದಾಗ, ಊರು ಬಿಡುತ್ತಿದ್ದವರ ಕೆಲವು ಟೆಸ್ಲಾ ಕಾರುಗಳ ಬ್ಯಾಟರಿಯಲ್ಲಿ ಮುಚ್ಚಿಟ್ಟಿದ್ದ ಭಾಗವನ್ನು ಸಂಸ್ಥೆಯು ದೂರದಿಂದಲೇ ತಾತ್ಕಾಲಿಕವಾಗಿ ತೆರೆಯಿತು. ಅದನ್ನು ಔದಾರ್ಯವೆಂದು ಹೊಗಳಿದವರುಂಟು. ತೆರೆಯಬಲ್ಲವರು ಮುಚ್ಚಲೂ ಬಲ್ಲರಲ್ಲವೇ ಎಂದವರೂ ಉಂಟು. ನಾನು ಎರಡನೆಯವರ ಪಕ್ಷ.

ಬೀಗವನ್ನು ತಾವೇ ಬಿಚ್ಚುವುದರ ವಿಚಾರವಾಗಿ ಚಾಣಾಕ್ಷ ವಿದ್ಯಾರ್ಥಿಗಳು ಕೇಳುವುದುಂಟು. ರೀಗಾಲ್ ಕಂಪನಿಯ 50 ಮೆಗಾಹರ್ಟ್ಸ್ ಆಸಿಲೋಸ್ಕೋಪನ್ನು 100 ಮೆಗಾಹರ್ಟ್ಸಿನದಾಗಿ ಮಾರ್ಪಡಿಸುವ ಬಗೆಯನ್ನು ಹವ್ಯಾಸಿಗಳು 2010ರಲ್ಲಿ ಪ್ರಕಟಿಸಿದರು. ಒಳಗಿನ ಯಂತ್ರವು ಒಂದೇ ಆಗಿತ್ತು. ನಮ್ಮ ಕೃತಿಸ್ವಾಮ್ಯ ಕಾನೂನಿಗೆ 2012ರಲ್ಲಿ ಸೇರಿದ 65ಎ ವಿಧಿಯು, ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗವನ್ನು ಮುರಿಯುವವರಿಗೆ ಎರಡು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸುತ್ತದೆ. ಉದ್ದೇಶವೆಂಬ ಆ ಶಬ್ದದ ಮೇಲೆಯೇ ವಕೀಲರ ವಾದ ನಿಲ್ಲುವುದರಿಂದ, ಪರೀಕ್ಷೆಗೆಂದು ಕೈಹಾಕಬೇಡಿರೆಂದೇ ನನ್ನ ಸಲಹೆ.

ನಮಗಿರುವ ನೇರವಾದ ದಾರಿ ಬೇರೆಯಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಸರಕಿನ ಗುಣ, ಪ್ರಮಾಣ, ಸಾಮರ್ಥ್ಯ, ಬೆಲೆಗಳನ್ನು ತಿಳಿಯುವ ಹಕ್ಕನ್ನು ಕೊಳ್ಳುವವನಿಗೆ ಕೊಟ್ಟಿದೆ. ವಿದ್ಯುತ್ ಸ್ಕೂಟರುಗಳ ಜೊತೆಗೆ ಚಾರ್ಜರಿಗೆಂದು ಬೇರೆ ಹಣ ಪಡೆದ ವಿಚಾರವು ಕೇಂದ್ರದ ಬೃಹತ್ ಕೈಗಾರಿಕಾ ಸಚಿವಾಲಯದ ಮುಂದೆ ಬಂದಾಗ, 2023ರ ಮೇ ತಿಂಗಳಲ್ಲಿ ಓಲಾ, ಏಥರ್, ಟಿವಿಎಸ್ ಮೊದಲಾದ ಕಂಪನಿಗಳು ಆ ಹಣವನ್ನು ಹಿಂತಿರುಗಿಸಲು ಒಪ್ಪಿದುವು. ಬ್ಯಾಟರಿಯ ಬೀಗದ ವಿಷಯದಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆಯನ್ನು ಹಿಡಿದು ಕೇಳಬಹುದು. ಸ್ಕೂಟರಿನ ರಸೀದಿಯಲ್ಲಿ ಎರಡು ಸಂಖ್ಯೆಗಳಿರಲಿ: ಒಳಗಿರುವ ಬ್ಯಾಟರಿ ಎಷ್ಟು, ಸವಾರನ ಬಳಕೆಗೆ ಬಿಟ್ಟಿರುವುದೆಷ್ಟು. ಅವುಗಳ ಪಕ್ಕದಲ್ಲಿ, ಉಳಿದುದನ್ನು ತೆರೆಯಲು ತಗಲುವ ಹಣವೂ, ಸ್ಕೂಟರನ್ನು ಇನ್ನೊಬ್ಬರಿಗೆ ಮಾರಿದಾಗ ಆ ಅನುಮತಿಯು ಜೊತೆಗೆ ಹೋಗುವುದೋ ಇಲ್ಲವೋ ಎಂಬುದೂ ಕನ್ನಡದಲ್ಲಿ ಅಚ್ಚಾಗಿರಲಿ.